ಉಪ್ಪು ನೋಡದೆ ಹಾಕಿದ ಬಣ್ಣ

ಅಹ್ಮದ್ ಪಾಷಾನ ಎರಡು ಕೈಗಳು ಒಂದೇ ಬಣ್ಣದಲ್ಲಿದ್ದುದನ್ನು ಕಂಡವರಿಲ್ಲ. ಬಲಗೈ ಮೊಣಕೈವರೆಗೆ ನೇರಳೆಯಾಗಿದ್ದರೆ ಎಡಗೈ ಅರಿಶಿನ. ಶುಕ್ರವಾರ ಎಷ್ಟು ಉಜ್ಜಿ ತೊಳೆದರೂ ಉಗುರಿನ ಸಂದಿನಲ್ಲಿ ವಾರದ ವ್ಯಾಪಾರವೆಲ್ಲ ಉಳಿದಿರುತ್ತಿತ್ತು. ಹೆಣ್ಣು ಕೊಡಲು ಬಂದವರು ಹುಡುಗನ ಮುಖ ನೋಡಿ ಒಪ್ಪಿ, ಚಹಾ ಲೋಟ ಚಾಚಿದ ಕೈ ನೋಡಿ ಎದ್ದುಹೋದದ್ದುಂಟು. “ಹುಡುಗ ಒಳ್ಳೆಯವನೇ, ಆದರೆ ಎಲ್ಲಾ ಕಡೆ ಒಂದೇ ಹುಡುಗ ಅಲ್ಲ” ಎಂದು ಹಾಗೆ ಎದ್ದುಹೋದ ಮುದುಕರೊಬ್ಬರು ಹೇಳಿದ ಮಾತನ್ನು ಪಾಷಾನ ತಮ್ಮ ಗಯಾಜ್ ವರ್ಷಗಟ್ಟಲೆ ನೆಂಟರಿಗೆಲ್ಲ ಹಂಚಿದ.

ಶಿವಾಜಿನಗರದಲ್ಲಿ ರಸ್ಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯೊಂದರಲ್ಲಿ ಅವನ ಅಂಗಡಿ. ಅಗಲ ಆರಡಿ. ಒಂದು ಸೀಮೆಎಣ್ಣೆ ಸ್ಟೌ, ಎರಡು ಅಲ್ಯೂಮಿನಿಯಂ ಪಾತ್ರೆ, ಬಟ್ಟೆ ತಿರುವಲು ಎರಡು ಕೋಲು, ತಲೆಯ ಮೇಲೆ ಒಂದು ಹಗ್ಗ. ರವಿಕೆಗೆ ಸೀರೆಯ ಬಣ್ಣ, ದುಪ್ಪಟ್ಟಾಗೆ ಕಮೀಜಿನ ಬಣ್ಣ ಹೊಂದಿಸಿ ಅದ್ದಿಕೊಡುವುದು ಅವನ ಕಸುಬು. ಬಾಗಿಲ ಮೇಲಿನ ತಗಡಿನ ಬೋರ್ಡಿನಲ್ಲಿ ಇಂಗ್ಲಿಷಿನಲ್ಲಿ ಪಾಷಾ ಡೈಯರ್ಸ್ ಎಂದೂ, ಅದರ ಕೆಳಗೆ ಫಾಸ್ಟ್ ಕಲರ್ ಎಂದೂ ಬರೆಸಿದ್ದ. ಅಂಗಡಿಯೊಳಗೆ ಫಾಸ್ಟ್ ಎನ್ನುವಂಥದ್ದು ಬೇರೇನೂ ಇರಲಿಲ್ಲ. ಮಾಲೀಕನಂತೂ ಅಲ್ಲವೇ ಅಲ್ಲ.

ಕೆಲಸ ಕಲಿಸಿದ ಉಸ್ತಾದರು ಅವನಿಗೆ ಎರಡು ಮಾತು ಹೇಳಿಕೊಟ್ಟು ಕಣ್ಣು ಮುಚ್ಚಿದ್ದರು. ಒಂದು, ಉಪ್ಪಿನದು. ಹತ್ತಿಬಟ್ಟೆಗೆ ಬಣ್ಣ ಕಚ್ಚಬೇಕಾದರೆ ನೀರಿಗೆ ಕಲ್ಲುಪ್ಪು ಬೀಳಬೇಕು. ಎಷ್ಟು ಎಂದು ತೂಗಿ ಹೇಳಲಾಗದು, ಮೂಟೆಯ ಉಪ್ಪು ಒಂದು ದಿನ ಒಣಗಿರುತ್ತದೆ, ಒಂದು ದಿನ ಬೆವರಿರುತ್ತದೆ. ಆದ್ದರಿಂದ ಮೊದಲು ಬೇರೆ ಚೊಂಬಿನಲ್ಲಿ ಉಪ್ಪು ಕರಗಿಸಿ, ಬೆರಳದ್ದಿ ನಾಲಗೆಗೆ ಮುಟ್ಟಿಸಿ ನೋಡಬೇಕು. “ಅತ್ತ ಹಾಗೆ ಉಪ್ಪಾಗಿರಬೇಕು” ಎನ್ನುತ್ತಿದ್ದರು ಉಸ್ತಾದರು. ಕಣ್ಣೀರಿನ ರುಚಿ ಎಲ್ಲರಿಗೂ ಗೊತ್ತಿರುವುದರಿಂದ ಬೇರೆ ಅಳತೆ ಬೇಕಿರಲಿಲ್ಲ. ರಂಜಾನ್ ತಿಂಗಳಲ್ಲಿ ಮಾತ್ರ ಪೇಚು. ರೋಜಾ ಇರುವವನು ಹಗಲಲ್ಲಿ ನಾಲಗೆಗೆ ಏನನ್ನೂ ಮುಟ್ಟಿಸುವಂತಿಲ್ಲ. ಆಗ ಉಸ್ತಾದರು ಎದುರಿನ ಹೂವಿನ ಅಣ್ಣಮ್ಮನನ್ನು ಕೂಗುತ್ತಿದ್ದರು. ಆಕೆ ಮಲ್ಲಿಗೆ ಬುಟ್ಟಿ ಬಿಟ್ಟು ಬಂದು, ಚೊಂಬಿಗೆ ಬೆರಳದ್ದಿ, ಚಪ್ಪರಿಸಿ, “ಇನ್ನೊಂದ್ ಹಿಡಿ ಹಾಕಪ್ಪೋ” ಎಂದು ತೀರ್ಪು ಕೊಟ್ಟು ಹೋಗುತ್ತಿದ್ದಳು. ಆ ಗಲ್ಲಿಯ ಅರ್ಧ ಈದ್ ಬಟ್ಟೆಗಳ ಬಣ್ಣ ನಿಂತಿದ್ದು ಅಣ್ಣಮ್ಮನ ನಾಲಗೆಯ ಮೇಲೆ.

ಉಸ್ತಾದರ ಎರಡನೆಯ ಮಾತು ಇದು: ಬಣ್ಣದವನು ಗಿರಾಕಿಯ ಮನೆ ಬಾಗಿಲಿಗೆ ಹೋಗಬಾರದು. ಹೋದರೆ ಬಾಕಿ ಕೇಳಲು ಬಂದ ಎಂದುಕೊಳ್ಳುತ್ತಾರೆ. ಅವರು ಬರಬೇಕು, ನಾವು ಕಾಯಬೇಕು.

ಪಾಷಾ ಮೊದಲನೆಯದನ್ನು ಒಂದೇ ಒಂದು ಸಲ ಮುರಿದ. ಎರಡನೆಯದನ್ನು ಹದಿನಾಲ್ಕು ವರ್ಷ ಮುರಿಯಲಿಲ್ಲ. ಎರಡೂ ತಪ್ಪೇ ಎಂದು ತಿಳಿಯುವಷ್ಟರಲ್ಲಿ ಅವನ ಗಡ್ಡಕ್ಕೆ ತಾನಾಗಿಯೇ ಬೇರೆ ಬಣ್ಣ ಬಂದಿತ್ತು.

ಖುರ್ಷೀದಾ ಅಂಗಡಿಗೆ ಬಂದದ್ದು ತೊಂಬತ್ತಮೂರರ ಮಾರ್ಚಿನಲ್ಲಿ, ಈದ್‌ಗೆ ಇನ್ನು ಆರು ದಿನವಿದೆ ಎನ್ನುವಾಗ. ಹಲಸೂರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಟೀಚರು. ದಿನವಿಡೀ ಮಕ್ಕಳಿಗೆ ಕನ್ನಡ ಹೇಳಿ ಹೇಳಿ, ಶಿವಾಜಿನಗರದ ಗಲ್ಲಿಯಲ್ಲಿ ದಖನಿ ಉರ್ದುವಿನಲ್ಲಿ ಮಾತಾಡಿಸಿದವರಿಗೂ ಕನ್ನಡದಲ್ಲೇ ಉತ್ತರ ಕೊಡುವ ಅಭ್ಯಾಸ. ಕೈಯಲ್ಲೊಂದು ಬಿಳಿ ಹತ್ತಿ ದುಪ್ಪಟ್ಟಾ, ಒಂದು ಲಕೋಟೆ. ಲಕೋಟೆಯೊಳಗಿಂದ ಅವಳು ತೆಗೆದದ್ದು ಬಟ್ಟೆಯ ಚೂರಲ್ಲ, ಒಂದು ಎಲೆ.

“ಈ ಬಣ್ಣ ಬೇಕು” ಎಂದಳು. “ನಮ್ ಸ್ಕೂಲಿನ ಹೊಂಗೆಮರ ಚಿಗುರಿದೆ. ನೋಡಿ, ಪೂರ್ತಿ ಹಸಿರೂ ಅಲ್ಲ.”

ಪಾಷಾ ಎಲೆಯನ್ನು ಬೆಳಕಿಗೆ ಹಿಡಿದ. ಹೊಳೆಯುವ, ಇನ್ನೂ ಲೋಕ ಕಾಣದ ಹಸಿರು. “ಎಲೆ ನೋಡಿ ಬಣ್ಣ ಹಾಕೋದು ನಂಗೂ ಹೊಸದು ಟೀಚರ್.”

“ಆಗಲ್ಲ ಅಂದ್ರೆ ಹೇಳ್ಬಿಡಿ.”

“ಆಗಲ್ಲ ಅಂತ ಎಲ್ಲಂದೆ? ಹೊಸದು ಅಂದೆ.”

ಅವಳು ನಕ್ಕಳು. ಆ ನಗುವಿಗೆ ಹೊಂದಿಸಬಲ್ಲ ಬಣ್ಣ ಯಾವ ಡಬ್ಬಿಯಲ್ಲೂ ಇಲ್ಲವೆಂದು ಪಾಷಾನಿಗೆ ಅನ್ನಿಸಿತು. ಕಸುಬಿನವನಿಗೆ ಇಂಥ ಅನ್ನಿಸಿಕೆ ಒಳ್ಳೆಯದಲ್ಲ.

ಸಂಜೆಯೊಳಗೆ ಎಲೆ ಬಾಡಿ, ಹಳೆಯ ರವಿಕೆಯ ಬಣ್ಣಕ್ಕೆ ತಿರುಗಿತು. ಮರುದಿನ ಪಾಷಾ ಅಂಗಡಿಗೆ ಅರ್ಧ ಬಾಗಿಲು ಹಾಕಿ, ಹಲಸೂರಿನವರೆಗೆ ನಡೆದುಹೋಗಿ, ಶಾಲೆಯ ಕಾಂಪೌಂಡಿನ ಹೊರಗೆ ನಿಂತು ಮರವನ್ನೇ ನೋಡಿ ಬಂದ. ಕಣ್ಣಿನಲ್ಲಿ ಆ ಹಸಿರು ಆರುವ ಮೊದಲೇ ಅದ್ದಿಬಿಡಬೇಕೆಂದು ಬಂದವನೇ ಸ್ಟೌ ಹಚ್ಚಿದ. ಚೊಂಬಿನಲ್ಲಿ ಉಪ್ಪು ಕರಗಿಸಿದ. ಅವನಿಗೆ ರೋಜಾ. ಎದುರಿಗೆ ಅಣ್ಣಮ್ಮ ಕೂತಿದ್ದಳು. ಕೂಗಿದ್ದರೆ ಸಾಕಿತ್ತು. ಇಲ್ಲವೇ ಎರಡು ಗಂಟೆ ತಡೆದಿದ್ದರೆ ಸೂರ್ಯ ಮುಳುಗಿ, ತನ್ನ ನಾಲಗೆಯೇ ತನಗೆ ಸಿಗುತ್ತಿತ್ತು. ತಡೆಯಲಾಗಲಿಲ್ಲ. ಅಣ್ಣಮ್ಮನನ್ನು ಕೂಗಲೂ ಇಲ್ಲ. ಈ ಒಂದು ದುಪ್ಪಟ್ಟಾದ ನೀರನ್ನು ಇನ್ನೊಬ್ಬರ ನಾಲಗೆಗೆ ಕೊಡಲು ಮನಸ್ಸಾಗಲಿಲ್ಲ ಎಂಬುದು ನಿಜವಾದ ಕಾರಣ. ಅದನ್ನು ಅವನು ತನಗೆ ತಾನೇ ಒಪ್ಪಿಕೊಳ್ಳಲು ಮೂರು ವರ್ಷ ಬೇಕಾಯಿತು. ಅಂದಾಜಿಗೆ ಎರಡು ಹಿಡಿ ಉಪ್ಪು ಹಾಕಿ, ಬಣ್ಣ ಬಿಟ್ಟು, ದುಪ್ಪಟ್ಟಾ ಮುಳುಗಿಸಿದ. ಮೇಲೆ ಬಂದಾಗ ಅದು ಹೊಂಗೆಮರದಿಂದ ಈಗ ತಾನೇ ಇಳಿದು ಬಂದಂತಿತ್ತು.

ಈದ್ ಮುಗಿದ ಮೂರನೆಯ ದಿನ ಖುರ್ಷೀದಾ ದುಪ್ಪಟ್ಟಾವನ್ನು ಉಂಡೆ ಮಾಡಿ ತಂದಳು.

“ಏನ್ರೀ, ಬೋರ್ಡ್ ಮೇಲೆ ಫಾಸ್ಟ್ ಅಂತ ಬರೆಸಿದೀರಲ್ಲಾ, ನಿಜವಾಗ್ಲೂ ಫಾಸ್ಟೇ. ಬೆಳಗ್ಗೆ ಹೊದ್ದೆ, ಮಧ್ಯಾಹ್ನದೊಳಗೆ ನನ್ ಬಿಳಿ ಕಮೀಜ್‌ಗೆ ಓಡೋಯ್ತು. ಮನೇಲೆಲ್ಲಾ ನನ್ನ ಗಿಳಿ ಗಿಳಿ ಅಂತಿದ್ರು.”

ಪಾಷಾ ಉಂಡೆಯನ್ನು ಬಿಡಿಸಿದ. ಅಲ್ಲಲ್ಲಿ ಬಿಳಿಚಿಕೊಂಡಿತ್ತು. “ಮತ್ತೆ ಹಾಕ್ಕೊಡ್ತೀನಿ ಟೀಚರ್. ಕಾಸು ಬೇಡ.”

“ಕಾಸಿನ ಮಾತಲ್ಲ. ಹೀಗೆ ಹೇಗಾಯ್ತು, ಅದ್ ಹೇಳಿ.”

ಹೇಳಬಹುದಿತ್ತು. ರೋಜಾ ಇತ್ತು, ಉಪ್ಪು ನೋಡಲಿಲ್ಲ ಎನ್ನಲು ಎಷ್ಟು ಹೊತ್ತು? ಆದರೆ ದೇವರಿಗಾಗಿ ಹಿಡಿದ ಉಪವಾಸವನ್ನು ಕೆಟ್ಟ ಕೆಲಸಕ್ಕೆ ನೆಪ ಮಾಡುವುದೇ? ಅಣ್ಣಮ್ಮನನ್ನು ಯಾಕೆ ಕೂಗಲಿಲ್ಲ ಎಂದು ಅವಳು ಕೇಳಿದರೆ? ಪಾಷಾ ಕೋಲು ತಿರುವುತ್ತಾ, “ಆಗ್ಹೋಯ್ತು” ಎಂದ.

“ಸರಿ. ಆದಾಗ ಹೇಳಿ ಕಳಿಸಿ. ಮರ್ಫಿ ಟೌನ್‌ನಲ್ಲಿ ಮನೆ, ಮಸೀದಿ ಹತ್ರ, ನೀಲಿ ಗೇಟು. ಅಮ್ಮ ಯಾವಾಗ್ಲೂ ಇರ್ತಾರೆ” ಎಂದು ಹೇಳಿ ಖುರ್ಷೀದಾ ಹೋದಳು.

ಎರಡೇ ದಿನದಲ್ಲಿ ದುಪ್ಪಟ್ಟಾ ತಯಾರಾಯಿತು. ಹೇಳಿ ಕಳಿಸಬೇಕಷ್ಟೆ. ಯಾರ ಕೈಲಿ? ಗಯಾಜನ ಕೈಲಿ ಕಳಿಸಿದರೆ ಮರ್ಫಿ ಟೌನ್ ಮುಟ್ಟುವ ಮೊದಲೇ ಸುದ್ದಿ ಫ್ರೇಜರ್ ಟೌನ್ ಸುತ್ತಿಕೊಂಡು ಬರುತ್ತದೆ. ತಾನೇ ಹೋಗೋಣವೆಂದರೆ ಉಸ್ತಾದರ ಎರಡನೆಯ ಮಾತು. ಬರುತ್ತಾಳೆ, ಅವಳ ವಸ್ತು ಇಲ್ಲಿದೆ, ಬಾರದೆ ಎಲ್ಲಿ ಹೋಗುತ್ತಾಳೆ ಎಂದು ಪಾಷಾ ದುಪ್ಪಟ್ಟಾವನ್ನು ಹಗ್ಗಕ್ಕೆ ಹಾಕಿದ. ಏಪ್ರಿಲ್ ಹೋಯಿತು, ಮೇ ಹೋಯಿತು. ಗಲ್ಲಿಯಲ್ಲಿ ಬಿಳಿ ಕಮೀಜ್ ಕಂಡಾಗೆಲ್ಲ ಅವನ ಕೋಲು ಪಾತ್ರೆಯಲ್ಲಿ ನಿಂತುಹೋಗುತ್ತಿತ್ತು. ಅಷ್ಟು ಹೊತ್ತಿಗೆ ಬಟ್ಟೆಗೆ ಪಟ್ಟೆ ಬೀಳುತ್ತಿತ್ತು. ಆ ಬೇಸಗೆಯಲ್ಲಿ ಶಿವಾಜಿನಗರದ ಎಷ್ಟೋ ಹೆಂಗಸರು ಕಾರಣ ತಿಳಿಯದೆ ಪಟ್ಟೆ ರವಿಕೆ ತೊಟ್ಟರು.

ಮರುವರ್ಷ ಹೊಂಗೆ ಚಿಗುರಿದಾಗ ಧೈರ್ಯ ಮಾಡಿ ಶಾಲೆಯ ಗೇಟಿನವರೆಗೆ ಹೋದ. ಆಯಾ ಮುನಿಶಾಮಮ್ಮ ಅಂಗಳ ಗುಡಿಸುತ್ತಿದ್ದಳು.

“ಯಾರ್ ಬೇಕಾಗಿತ್ತು?”

“ಒಂದ್ ಎಲೆ ಬೇಕಿತ್ತು.”

“ಯಾಕೆ, ಮೇಕೆ ಸಾಕಿದೀರಾ? ಹೊಂಗೆಸೊಪ್ಪ ಮೇಕೆನೂ ಮೂಸಲ್ಲ ಕಣಪ್ಪ.”

ಎಲೆ ಕಿತ್ತುಕೊಂಡ ಮೇಲೆ, ಗೇಟು ದಾಟುವಾಗ ಕೇಳಿದ. “ಕನ್ನಡ ಟೀಚರು ಒಬ್ರಿದ್ರಲ್ಲ?”

“ಖುರ್ಷೀದಾ ಮಿಸ್ಸಾ? ಹೋದ ಜೂನ್‌ನಾಗೇ ಟ್ರಾನ್ಸ್‌ಫರ್ ಆಯ್ತಲ್ಲ. ಮದುವೆನೂ ಆಯ್ತಂತೆ.”

ಎಲ್ಲಿಗೆ ಎಂದು ಅವನು ಕೇಳಲಿಲ್ಲ. ವಾಪಸು ಬಂದು, ದುಪ್ಪಟ್ಟಾವನ್ನು ಹಗ್ಗದಿಂದ ಇಳಿಸಿ, ಹೊಸ ಎಲೆಗೆ ಹಿಡಿದು ನೋಡಿದ. ಧೂಳು, ಹೊಗೆ, ಒಂದು ವರ್ಷದ ಬಿಸಿಲು ಸೇರಿ ಕೊಂಚ ಮಾಸಿತ್ತು. ಉಪ್ಪು ಸರಿಯಾಗಿ ನೋಡಿ ಮತ್ತೊಮ್ಮೆ ಅದ್ದಿದ. ಅಲ್ಲಿಂದ ಅದೊಂದು ವಾಡಿಕೆಯಾಯಿತು. ಬೇರೆ ಅಂಗಡಿಗಳಲ್ಲಿ ಆರು ತಿಂಗಳು ಬಾರದ ಗಿರಾಕಿಯ ಬಟ್ಟೆಯನ್ನು ಮಾರಿಬಿಡುತ್ತಾರೆ. ಪಾಷಾನ ಅಂಗಡಿಯಲ್ಲಿ ಅದೊಂದು ಬಟ್ಟೆಗೆ ವರ್ಷಕ್ಕೊಮ್ಮೆ ಚಿಗುರು.

ಇಂಥ ಅಂಗಡಿಗೆ ತೊಂಬತ್ತಾರರಲ್ಲಿ ಜಟ್ಟೆಪ್ಪನವರ ಪ್ರವೇಶವಾಯಿತು. ಊರು ವಿಜಯಪುರದ ಕಡೆಯದು. ಕೆಲಸ ವಿಮಾ ಕಚೇರಿಯಲ್ಲಿ, ಮನೆ ಜೀವನ್ ಬಿಮಾ ನಗರದಲ್ಲಿ. ಹೆಂಡತಿ ವಿಮಲಾಕ್ಷಿ ಒಂದು ರವಿಕೆ ಕಣ ಕೊಟ್ಟು ಅಟ್ಟಿದ್ದರು. ಅದನ್ನು ಪಾಷಾನ ಕೈಗಿತ್ತ ಜಟ್ಟೆಪ್ಪನವರು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು.

“ನಾಲ್ಕು ದಿನ ಬಿಟ್ಟು ಬನ್ನಿ ಸಾರ್” ಎಂದ ಪಾಷಾ.

“ನಾಕ್ ದಿನಾ? ಅಲ್ರೀ ಸಾಹೇಬ್ರ, ಫಾಸ್ಟ್ ಅಂತ ಇಷ್ಟ್ ದೊಡ್ಡದಾಗಿ ಬೋರ್ಡ್ ಬರಸೀರಿ. ಅದನ್ನ ನೋಡೇ ನಾ ಬಸ್ ಇಳದು ಓಡಿ ಬಂದೀನಿ!”

“ಅದು ಜಲ್ದಿ ಫಾಸ್ಟ್ ಅಲ್ಲ ಸಾರ್. ಪಕ್ಕಾ ಫಾಸ್ಟ್. ಬಣ್ಣ ಓಡಬಾರ್ದು, ಅದಕ್ಕೆ ಫಾಸ್ಟ್.”

ಜಟ್ಟೆಪ್ಪನವರು ಅಪಮಾನವನ್ನು ನುಂಗಿದರೂ ಪದವನ್ನು ನುಂಗುವವರಲ್ಲ. ಮನೆಯಲ್ಲಿ ಫುಟ್‌ಪಾತಿನಿಂದ ತಂದ, ನಾಲ್ಕು ಬೆರಳು ದಪ್ಪದ ಇಂಗ್ಲಿಷ್ ನಿಘಂಟೊಂದಿತ್ತು. ವಿಮಲಾಕ್ಷಿಯವರು ಅದನ್ನು ಉಪ್ಪಿನಕಾಯಿ ಭರಣಿಯ ಮೇಲೆ ಹೇರಿಡಲು ಬಳಸುತ್ತಿದ್ದರು. ನಾಲ್ಕು ದಿನದ ನಂತರ ರವಿಕೆ ಒಯ್ಯಲು ಬಂದ ಜಟ್ಟೆಪ್ಪನವರು ಪಂಡಿತರಾಗಿ ಬಂದರು.

“ನಿಮ್ದ ಖರೇ ಐತ್ರಿ. ಫಾಸ್ಟ್ ಅಂದ್ರ ಮೂಲದಾಗ ಓಡೂದು ಅಲ್ಲವ ಅಲ್ಲ. ಗಟ್ಟಿ, ಬಿಗಿ, ನಿಂತಲ್ಲೇ ನಿಂತಿದ್ದು. ಹಗ್ಗ ಬಿಗಿದು ಕಟ್ಟಿದ್ರ ಫಾಸ್ಟ್, ಮೈಮರೆತು ಮಲಗಿದ್ರ ಫಾಸ್ಟ್, ಕೈಬಿಡದ ಗೆಳೆಯಾನೂ ಫಾಸ್ಟ್.”

“ಮತ್ತೆ ಓಡೋದಕ್ಕೆ ಯಾಕಂತಾರೆ?”

“ಅದೂ ನೋಡೀನಿ. ಗಟ್ಟಿಯಾಗಿ ಬಡಿ, ಗಟ್ಟಿಯಾಗಿ ಓಡು ಅನ್ಕೋತ ಅನ್ಕೋತ ಗಟ್ಟಿ ಹೋಗಿ ಓಟ ಅಷ್ಟ ಉಳೀತು. ನಮ್ಮ ಬಿರುಸು ಇಲ್ಲೇನು? ಒರಟಿಗೂ ಬಿರುಸು ಅಂತೀವಿ, ಜೋರ ನಡೆಯೂದಕ್ಕೂ ಬಿರುಸು ಅಂತೀವಿ. ಹಂಗ.” ಜಟ್ಟೆಪ್ಪನವರು ಉಸಿರು ತೆಗೆದುಕೊಂಡರು. “ಇನ್ನೊಂದ್ ಚಂದ ಐತಿ. ಉಪವಾಸಕ್ಕೂ ಅದ ಶಬ್ದ. ಹಿಡಿದ ವ್ರತಾ ಗಟ್ಟಿಯಾಗಿ ಹಿಡೀಬೇಕು, ಅದಕ್ಕ ಫಾಸ್ಟ್. ನಿಮ್ಮ ರೋಜಾನೂ ಫಾಸ್ಟ, ನಿಮ್ಮ ಬಣ್ಣಾನೂ ಫಾಸ್ಟ. ಒಂದ ಬೇರು!”

ಸ್ಟೌ ಮೇಲಿನ ಕೆಂಪು ನೀರು ಉಕ್ಕಿ ಅಂಗಡಿಯ ಹೊರಗೆ ಹರಿಯಿತು. ದಾರಿಹೋಕರೊಬ್ಬರು ಒಳಗೆ ಯಾರಿಗೆ ಏನಾಯಿತೋ ಎಂದು ಇಣುಕಿ ನೋಡಿದರು. ಅದೊಂದು ದಿನ ತಾನು ರೋಜಾವನ್ನು ಗಟ್ಟಿಯಾಗಿ ಹಿಡಿದು ಬಣ್ಣವನ್ನು ಬಿಟ್ಟೆ, ಬಿಟ್ಟದ್ದು ಅವಸರಕ್ಕೆ ಎಂದು ಪಾಷಾನಿಗೆ ಹೊಳೆಯಿತು. ಅಣ್ಣಮ್ಮನನ್ನು ಯಾಕೆ ಕೂಗಲಿಲ್ಲ ಎಂಬುದಕ್ಕೆ ಅವನು ಮೊದಲ ಸಲ ತನಗೆ ತಾನೇ ಸರಿಯಾದ ಉತ್ತರ ಕೊಟ್ಟುಕೊಂಡದ್ದು ಆ ಹೊತ್ತಿನಲ್ಲಿ.

ಆಮೇಲೆ ಜಟ್ಟೆಪ್ಪನವರು ರವಿಕೆ ಕಣವಿಲ್ಲದಿದ್ದರೂ ಬರತೊಡಗಿದರು. ಕಟ್ಟೆಯ ಮೇಲೆ ಕೂತು, ಸುಲೇಮಾನಿ ಚಹಾ ಕುಡಿದು, ತಾವು ಓದಿದ್ದನ್ನೆಲ್ಲ ಪಾಷಾನ ಕಿವಿಗೆ ಅದ್ದಿ ಹೋಗುತ್ತಿದ್ದರು. ಹಗ್ಗದ ಮೇಲಿನ ಹಸಿರು ದುಪ್ಪಟ್ಟಾ ಅವರ ಕಣ್ಣಿಗೆ ಬೀಳದೆ ಇರಲಿಲ್ಲ.

“ಇದ್ಯಾರದ್ರೀ? ಹೋದ ವರ್ಷಾನೂ ಇಲ್ಲೇ ಇತ್ತು.”

“ಗಿರಾಕೀದು ಸಾರ್. ಬರ್ತಾರೆ.”

ಹೀಗೆ ಆರೇಳು ವರ್ಷ ಕಳೆದ ಮೇಲೆ ಒಂದು ದಿನ, “ಹಲಸೂರಲ್ಲಿದ್ದ ಒಬ್ರು ಟೀಚರ್‌ದು. ಖುರ್ಷೀದಾ ಅಂತ” ಎಂದು ಒಂದು ಮಾತು ಹೆಚ್ಚಿಗೆ ಹೇಳಿದ. ಜಟ್ಟೆಪ್ಪನವರು ಅದಕ್ಕೆ ಮಾತ್ರ ಅರ್ಥ ಕೇಳಲಿಲ್ಲ. ನಿಘಂಟು ಓದುವವರಿಗೂ ಅಷ್ಟು ತಿಳಿಯುತ್ತದೆ.

ಅಷ್ಟರಲ್ಲಿ ಊರು ಬದಲಾಗಿತ್ತು. ಕಮೀಜು, ದುಪ್ಪಟ್ಟಾ ಎಲ್ಲ ಒಂದೇ ಪ್ಯಾಕೆಟ್ಟಿನಲ್ಲಿ ಸಿದ್ಧವಾಗಿ ಬರತೊಡಗಿ, ಹೊಂದಿಸುವವನ ಅಗತ್ಯ ಕಡಿಮೆಯಾಯಿತು. ಗಯಾಜ್ ಇಂದಿರಾನಗರದಲ್ಲಿ ಮೊಬೈಲ್ ಅಂಗಡಿ ಇಟ್ಟು, ಅಣ್ಣನನ್ನು ಕರೆದು ಕರೆದು ಸೋತ. “ಈ ಗಲ್ಲಿಯಲ್ಲಿ ಇನ್ನೇನಿದೆ ಭಾಯಿ? ಎಲ್ಲಾ ಎಲ್ಲೆಲ್ಲೋ ಹೋಗ್ಬಿಟ್ರು.”

“ಎಲ್ಲಾ ಹೋಗ್ಲಿ. ನಾನೂ ಹೋದ್ರೆ, ಹುಡುಕ್ಕೊಂಡ್ ಬಂದವರು ಏನ್ಮಾಡ್ಬೇಕು?”

“ಯಾರು ಬರ್ತಾರೆ?”

ಎರಡು ಸಾವಿರದ ಏಳರ ಮಾರ್ಚಿನಲ್ಲಿ ಕಟ್ಟಡದ ಮಾಲೀಕರು ಗಲ್ಲಿಯ ಐದೂ ಅಂಗಡಿಗಳನ್ನು ಕೆಡವುವುದಾಗಿ ಹೇಳಿ, ತಿಂಗಳ ಗಡುವು ಕೊಟ್ಟರು. ಪಾಷಾನನ್ನು ಕಾಡಿದ್ದು ಅಂಗಡಿ ಹೋಗುವುದಲ್ಲ. ಅವಳು ಬಂದರೆ ಇಲ್ಲಿ ಗೋಡೆಯೂ ಇರುವುದಿಲ್ಲ.

ಆ ವಾರವೇ ಜಟ್ಟೆಪ್ಪನವರು ಏದುಸಿರು ಬಿಡುತ್ತಾ ಬಂದರು. ಹದಿನೊಂದು ವರ್ಷದಲ್ಲಿ ಅವರು ಬಿರುಸಾಗಿ ನಡೆದದ್ದು ಅದೊಂದೇ ಸಲ.

“ಸಾಹೇಬ್ರ, ಪಾಲಿಸಿ ಕೆಲಸಕ್ಕ ಕೆ.ಆರ್. ಪುರದ ಒಂದ್ ಸಾಲಿಗೆ ಹೋಗಿದ್ನಿ. ಹೆಡ್‌ಮಿಸ್ಟ್ರೆಸ್ಸು ನಾ ಬರದ ಕನ್ನಡ ಅರ್ಜಿಯೊಳಗ ಮೂರು ತಪ್ಪು ಹಿಡದ್ರು. ಹೆಸರು ನೋಡೀನಿ, ಖುರ್ಷೀದಾ! ಹಲಸೂರಾಗ ಇದ್ರೇನ್ರೀ ಅಂದ್ನಿ. ಹೌದು ಅಂದ್ರು.”

ಪಾಷಾ ಕೋಲು ಕೆಳಗಿಟ್ಟ. “ಏನಾದ್ರೂ ಹೇಳಿದ್ರಾ ಸಾರ್ ನೀವು?”

“ನಾ ಯಾಕ ಹೇಳ್ಲಿ? ವಸ್ತು ನಿಮ್ಮದು.” ಆಮೇಲೆ ಮೆತ್ತಗೆ, “ಈ ಸಲ ಕಾಯಬ್ಯಾಡ್ರಿ” ಎಂದರು.

ಹೊಂಗೆ ಚಿಗುರಿತ್ತು. ಪಾಷಾ ಎಲೆ ತಂದ. ಚೊಂಬಿನ ಉಪ್ಪುನೀರಿಗೆ ಬೆರಳದ್ದಿ ನಾಲಗೆಗೆ ಮುಟ್ಟಿಸಿದ, ಸಾಲದೆಂದು ಇನ್ನೊಂದು ಹಿಡಿ ಹಾಕಿದ, ಮತ್ತೆ ನೋಡಿದ. ಅತ್ತ ಹಾಗೆ ಉಪ್ಪಾಗಿತ್ತು. ಕೊನೆಯ ಸಲ ದುಪ್ಪಟ್ಟಾ ಅದ್ದಿ, ಒಣಗಿಸಿ, ಮಡಚಿ, ಮರುದಿನ ಕೈಗಳನ್ನು ನಿಂಬೆಹಣ್ಣಿನಿಂದ ಉಜ್ಜಿಕೊಂಡು ಬಸ್ಸು ಹತ್ತಿದ. ತೂಗುಸೇತುವೆಯ ಹತ್ತಿರ ಬಸ್ಸು ಮುಕ್ಕಾಲು ಗಂಟೆ ಅಲ್ಲಾಡದೆ ನಿಂತಿತು. ಜಟ್ಟೆಪ್ಪನವರು ಹೇಳಿದ ಮೂಲ ಅರ್ಥದಲ್ಲಿ, ನಿಂತಲ್ಲೇ ನಿಂತು, ಬೆಂಗಳೂರು ಆಗಲೇ ಬಲು ಫಾಸ್ಟಾಗಿತ್ತು. ಎರಡು ಸಲ ಇಳಿದು ವಾಪಸು ಹೋಗೋಣ ಎನ್ನಿಸಿತು. ಎರಡು ಸಲವೂ ಬಾಗಿಲಲ್ಲಿ ಜನ ಬಿಗಿದು ನಿಂತಿದ್ದರಿಂದ ಇಳಿಯಲಾಗಲಿಲ್ಲ.

ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲಲ್ಲಿ ಅವನು ಮೊದಲು ಕಂಡದ್ದು ಅವಳನ್ನಲ್ಲ. ಬೀರುವಿನ ಮೇಲೆ ಒಂದು ಭೂಗೋಳ, ಅದಕ್ಕೆ ಧೂಳು ಕೂರದಂತೆ ಹೊದಿಸಿದ ಬಿಳಿ ಬಟ್ಟೆ. ಬಟ್ಟೆಯ ಮೇಲೆ ಅಲ್ಲಲ್ಲಿ ಹಸಿರು. ತಾನು ಬೆರೆಸಿದ ಬಣ್ಣವನ್ನು ಪಾಷಾ ಎಲ್ಲಿ ಕಂಡರೂ ಗುರುತು ಹಿಡಿಯುತ್ತಿದ್ದ.

“ಕಮೀಜು” ಎಂದ, ನಮಸ್ಕಾರದ ಬದಲು.

ಖುರ್ಷೀದಾ ಕನ್ನಡಕ ತೆಗೆದಳು. ಕಿವಿಯ ಹತ್ತಿರ ಕೂದಲು ನರೆತಿತ್ತು. ಅವನ ಮುಖ ನೋಡಿದಳು, ಕೈ ನೋಡಿದಳು. ಕೈ ನೋಡಿದ ಮೇಲೆ ಗುರುತು ಸಿಕ್ಕಿತು.

“ಎಷ್ಟು ಒಗೆದ್ರೂ ಹೋಗ್ಲಿಲ್ಲ ನೋಡಿ” ಎಂದಳು ಭೂಗೋಳದತ್ತ ತಿರುಗಿ. “ದುಪ್ಪಟ್ಟಾ ಮೇಲೆ ಅರ್ಧ ದಿನ ನಿಲ್ದೇ ಇದ್ದದ್ದು, ಅದರ ಮೇಲೆ ಹದಿನಾಲ್ಕು ವರ್ಷ ನಿಂತಿದೆ. ಕೂತ್ಕೊಳ್ಳಿ.”

ಪಾಷಾ ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದನ್ನು ಒಂದೇ ಉಸಿರಿಗೆ ಹೇಳಿದ. “ಟೀಚರ್, ಅವತ್ತು ರೋಜಾ ಇತ್ತು. ಉಪ್ಪು ನಾಲಗೆಗೆ ಹಾಕಿ ನೋಡ್ಬೇಕು, ನೋಡ್ಲಿಲ್ಲ. ಎದುರುಗಡೆ ಹೂವಿನಮ್ಮ ಇದ್ರು, ಅವರಿಗೂ ತೋರಿಸ್ಲಿಲ್ಲ. ನಿಮ್ ದುಪ್ಪಟ್ಟಾ ಅಂತ... ನಾನೇ ಮಾಡ್ಬೇಕು ಅಂತ. ಅವಸರ ಮಾಡ್ಬಿಟ್ಟೆ.”

ಹೊರಗೆ ಮಕ್ಕಳು ಊಟದ ತಟ್ಟೆ ಬಡಿಯುತ್ತಿದ್ದರು.

“ಇಷ್ಟೇನಾ?” ಎಂದಳು ಖುರ್ಷೀದಾ. “ಇದನ್ನ ಅವತ್ತೇ ಹೇಳ್ಬಾರ್ದಿತ್ತಾ?”

“ಹೇಳೋಕಾಗ್ಲಿಲ್ಲ.”

“ಮನೆಗಾದ್ರೂ ತಂದುಕೊಡಬಹುದಿತ್ತು. ನೀಲಿ ಗೇಟು ಅಂತ ಹೇಳಿದ್ದೆ.”

“ಬಣ್ಣದವರು ಗಿರಾಕಿ ಮನೆಗೆ ಹೋಗ್ಬಾರ್ದು ಅಂತ ನಮ್ ಉಸ್ತಾದರು...”

ಅವಳು ನಗಲು ಹೊರಟು ನಿಲ್ಲಿಸಿದಳು. ಮೇಜಿನ ಮೇಲಿನ ಸೀಮೆಸುಣ್ಣದ ಡಬ್ಬಿಯನ್ನು ಸರಿಸಿ, ಮತ್ತೆ ಅಲ್ಲೇ ಇಟ್ಟಳು. “ನಮ್ಮಮ್ಮ ಮಳೆಗಾಲ ಹಿಡಿಯೋವರೆಗೂ ದಿನಾ ಕೇಳ್ತಿದ್ರು. ಬಣ್ಣದವರು ಬಂದ್ರಾ, ಬಣ್ಣದವರು ಬಂದ್ರಾ ಅಂತ. ಆಮೇಲೆ ಕೋಲಾರದಿಂದ ಸಂಬಂಧ ಬಂತು.”

ಖುರ್ಷೀದಾಳೇ ಎದ್ದು, ಮೂಲೆಯಲ್ಲಿದ್ದ ಸ್ಟೀಲ್ ಬಕೆಟ್ಟನ್ನು ಕಿಟಕಿಯ ಬೆಳಕಿಗೆ ಎಳೆದಳು. ಅರ್ಧ ನೀರಿತ್ತು.

“ಕೊಡಿ. ಈ ಸಲ ಪರೀಕ್ಷೆ ಮಾಡೇ ತಗೊಳ್ಳೋದು. ನನ್ ಮಗಳು ಹೊದ್ಕೋಬೇಕು, ಅವಳೂ ಗಿಳಿ ಆಗೋದು ಬೇಡ.”

ಪಾಷಾ ಪೊಟ್ಟಣ ಬಿಚ್ಚಿ ದುಪ್ಪಟ್ಟಾ ಕೊಟ್ಟ. ಅವಳು ಅದನ್ನು ಒಂದು ಸಲ ಬೆಳಕಿಗೆ ಹಿಡಿದು, ನಿಧಾನವಾಗಿ ನೀರಿಗೆ ಇಳಿಸಿದಳು. ಇಬ್ಬರೂ ಬಕೆಟ್ಟಿನ ಮೇಲೆ ಬಗ್ಗಿದರು.

ಆ ಕಸುಬಿಗೆ ಇಳಿದ ದಿನದಿಂದ ಪಾಷಾ ಬಣ್ಣ ನಿಲ್ಲಲಿ ಎಂದೇ ಬೇಡಿಕೊಂಡು ಬಂದವನು. ಈಗ ಮೊದಲ ಸಲ, ಒಂದೇ ಒಂದು ಎಳೆ ಹಸಿರಾದರೂ ನೀರಿಗೆ ಬಿಡಲಿ, “ಅಯ್ಯೋ, ಮತ್ತೆ ಹಾಕ್ಕೊಡ್ತೀನಿ ಟೀಚರ್” ಎಂದು ಒಯ್ದು ಇನ್ನೊಮ್ಮೆ ಬರುವಂತಾಗಲಿ ಎಂದು ಅವನ ಮನಸ್ಸು ಬೇಡಿತು. ಅವಳು ದುಪ್ಪಟ್ಟಾವನ್ನು ಹಿಂಡಿದಳು, ಮತ್ತೆ ಮುಳುಗಿಸಿ ಹಿಂಡಿದಳು.

ನೀರು ತಿಳಿಯಾಗಿಯೇ ಇತ್ತು. ಬಕೆಟ್ಟಿನ ತಳ ಕಾಣುತ್ತಿತ್ತು.

“ಪಕ್ಕಾ” ಎಂದಳು ಖುರ್ಷೀದಾ.

“ಪಕ್ಕಾ ಟೀಚರ್” ಎಂದ ಪಾಷಾ.